ನಾವು ನಾಲೆ ತೋಡಿದವರ ಮೊಮ್ಮಕ್ಕಳು: ಒಂದು ಬಹಿರಂಗ ಪತ್ರ

ವಿಶ್ವೇಶ್ವರಯ್ಯ ನಾಲೆಯ ಉಸ್ತುವಾರಿ ಹೊತ್ತ ಅಧಿಕಾರಿಗಳಿಗೆ ಮತ್ತು ಮಂಡ್ಯ ಜಿಲ್ಲೆಯ ಜನಪ್ರತಿನಿಧಿಗಳಿಗೆ,

ಮಾನ್ಯರೇ,

ನಮಸ್ಕಾರ. ನಾನು ವಿ.ಸಿ. ನಾಲೆಯ ಏರಿ ಪಕ್ಕದ ಒಂದು ಸಣ್ಣ ಕೊಪ್ಪಲಿನವಳು. ಅಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಅಂಗನವಾಡಿ ನಡೆಸುತ್ತಿದ್ದೇನೆ. ಕೊಪ್ಪಲಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ನಾಳೆ ಒಂದು ಜೀಪು ನಮ್ಮಲ್ಲಿಗೆ ಮಾತ್ರ ಬಂದು ಹೋಗುತ್ತದೆ, ಉಳಿದವರ ಮಾತು ಅಲ್ಲಿಗೇ ನಿಲ್ಲುತ್ತದೆ. ನಾಲೆಯ ಉದ್ದಕ್ಕೂ ನಮ್ಮಂಥವರು ಇನ್ನೂ ಇದ್ದಾರೆ. ಸುತ್ತಲಿನ ಊರಿನವರು ನಮ್ಮನ್ನೆಲ್ಲ ‘ಏರಿ ಮೇಲಿನವರು’ ಅನ್ನುತ್ತಾರೆ. ಈ ಪತ್ರಕ್ಕೆ ಅಷ್ಟು ವಿಳಾಸ ಸಾಕು.

ಕೆಲವು ತಿಂಗಳ ಹಿಂದೆ ನಮ್ಮ ಬಾಗಿಲುಗಳ ಮೇಲೆ ಒಂದೊಂದು ನೋಟಿಸು ಅಂಟಿಸಿದ್ದರು. ನಾನು ಅಂಗನವಾಡಿಯಿಂದ ಬರುವಷ್ಟರಲ್ಲಿ ಅಂಟಿಸಿದವರು ಹೋಗಿಯಾಗಿತ್ತು. ನಮ್ಮವ್ವನಿಗೆ ಎಂಬತ್ತು ದಾಟಿದೆ, ಓದಲು ಬರುವುದಿಲ್ಲ. ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದವಳು ಕೇಳಿದಳು.

“ಏನಂತವ್ವ ಆ ಚೀಟೀಲಿ?”

“ನಾಲೆ ಜಾಗ ಒತ್ತುವರಿ ಮಾಡ್ಕೊಂಡಿದ್ದೀವಂತೆ.”

“ಯಾವ ನಾಲೆ?”

“ಇದೇ ನಾಲೆ ಕಣವ್ವ.”

“ಇದ ತೋಡ್ದೋರೇ ನಮ್ ತಾತ ಅಲ್ವಾ?” ಅಂದು ಅವಳು ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ಅವ್ವ ಕೇಳಿದ ಆ ಒಂದು ಪ್ರಶ್ನೆಯನ್ನೇ ನಿಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ. ನಮ್ಮ ಕಥೆ ಯಾವ ಫೈಲಿನಲ್ಲೂ ಇಲ್ಲವಲ್ಲ, ಇಲ್ಲೇ ಹೇಳಬೇಕು.

ಈ ನಾಲೆಗೆ ನೀರು ಕೊಡುವ ಕನ್ನಂಬಾಡಿ ಕಟ್ಟೆಯ (ಕೆ.ಆರ್.ಎಸ್. ಅಣೆಕಟ್ಟಿನ) ಕೆಲಸ 1911ರಲ್ಲಿ ಶುರುವಾಯಿತು ಎನ್ನುವುದು ನಿಮಗೆಲ್ಲ ಗೊತ್ತು. ನಾಲ್ವಡಿ ಕೃಷ್ಣರಾಜ ಒಡೆಯರು, ವಿಶ್ವೇಶ್ವರಯ್ಯನವರು ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಸಿಮೆಂಟು ಸುಲಭವಾಗಿ ಸಿಗದ ಕಾಲ, ಇಟ್ಟಿಗೆ ಪುಡಿಗೆ ಸುಣ್ಣ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಲ್ಲಿನ ಮೇಲೆ ಕಲ್ಲು ಕೂರಿಸಿದರು. ಆ ಕಲ್ಲು ಒಡೆಯಲು, ಹೊರಲು, ಗಾರೆ ಅರೆಯಲು ಸಾವಿರಾರು ಜನ ಬಂದರು. ನಮ್ಮಜ್ಜಿಯ ಅಪ್ಪ ಅವರಲ್ಲಿ ಒಬ್ಬ. ಕೋಲಾರದ ಕಡೆಯ ಕಲ್ಲು ಕೆಲಸದವನು. ಹೆಂಡತಿ, ಎರಡು ಮಕ್ಕಳು, ಒಂದು ಸುತ್ತಿಗೆ, ನಾಲ್ಕು ಉಳಿ ಕಟ್ಟಿಕೊಂಡು ಬಂದನಂತೆ. ನಮ್ಮ ಮನೆಯಲ್ಲಿ ಈಗಲೂ ಬೈಯುವಾಗ ಮಾತ್ರ ನಾಲ್ಕು ತೆಲುಗು ಮಾತು ಬರುತ್ತವೆ. ಮಿಕ್ಕಿದ್ದೆಲ್ಲ ಮಂಡ್ಯದ ಕನ್ನಡವೇ.

ಕಟ್ಟೆ ಮೇಲೇಳುತ್ತಿದ್ದಾಗಲೇ ಕಾವೇರಿ ನೀರಿನ ಬಗ್ಗೆ ಮದ್ರಾಸಿನವರ ತಕರಾರು ನಡೆಯುತ್ತಿತ್ತು. 1924ರಲ್ಲಿ ಎರಡೂ ಸರ್ಕಾರಗಳ ನಡುವೆ ಒಪ್ಪಂದವಾದ ಮೇಲೆಯೇ ಈ ದೊಡ್ಡ ನಾಲೆಯ ಕೆಲಸಕ್ಕೆ ದಾರಿಯಾಯಿತು. ನಾಲೆ ಕೆಲಸ ಶುರುವಾಗುವಷ್ಟರಲ್ಲಿ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟು ಎಷ್ಟೋ ವರ್ಷವಾಗಿತ್ತು, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದರು. ನಾಲೆಗೆ ಆಗಿನ ವೈಸರಾಯ್ ಲಾರ್ಡ್ ಇರ್ವಿನ್ ಅವರ ಹೆಸರಿಟ್ಟರು. ವಿಶ್ವೇಶ್ವರಯ್ಯನವರ ಹೆಸರು ಬಂದದ್ದು ಆಮೇಲೆ. ನಮ್ಮಜ್ಜಿ ಸಾಯುವ ತನಕ ‘ಇರುವಿ ನಾಲೆ’ ಅಂತಲೇ ಅನ್ನುತ್ತಿದ್ದಳು. ಚಿಕ್ಕವಳಿದ್ದಾಗ ನಾನು ಅದನ್ನು ಇರುವೆ ನಾಲೆ ಅಂದುಕೊಂಡಿದ್ದೆ. ತಲೆ ಮೇಲೆ ಮಣ್ಣಿನ ಮಂಕರಿ ಹೊತ್ತು ಸಾಲುಗಟ್ಟಿ ಏರಿ ಹತ್ತುತ್ತಿದ್ದರು ಅಂತ ಅವಳೇ ಹೇಳುತ್ತಿದ್ದಳಲ್ಲ, ಅದಕ್ಕೇ ಆ ಹೆಸರು ಅಂತ ನನ್ನ ಲೆಕ್ಕ. ಇರ್ವಿನ್ ಅಂದರೆ ಒಬ್ಬ ಮನುಷ್ಯ ಅಂತ ಗೊತ್ತಾದದ್ದು ಹೈಸ್ಕೂಲಿನಲ್ಲಿ.

ಅಜ್ಜಿಗೆ ಆಗ ಹತ್ತು ವರ್ಷವಿರಬಹುದು. ಗಂಡಸರು ಗುದ್ದಲಿ, ಹಾರೆ ಹಿಡಿದು ತೋಡುವುದು. ಹೆಂಗಸರು, ಮಕ್ಕಳು ಮಣ್ಣು ಹೊರುವುದು. ಹುಲಿಕೆರೆ ಹತ್ತಿರ ಗುಡ್ಡ ಅಡ್ಡ ಬಂತು. ಅದನ್ನು ಬಳಸಿ ಹೋಗದೆ ಒಳಗೇ ಸುರಂಗ ಕೊರೆದರು. ಹತ್ತಿರ ಹತ್ತಿರ 2.8 ಕಿಲೋಮೀಟರು. ನಮ್ಮ ಮುತ್ತಾತನನ್ನು ಕಲ್ಲು ಕೆಲಸ ಗೊತ್ತಿದ್ದವನು ಅಂತ ಅಲ್ಲಿಗೆ ಹಾಕಿದರಂತೆ. ಬೆಳಿಗ್ಗೆ ಒಳಗೆ ಹೋದವರು ಸಂಜೆ ಬರುವಾಗ ಮೈಯೆಲ್ಲ ಬೂದಿ ಬಳಿದುಕೊಂಡ ಹಾಗೆ ಕಾಣುತ್ತಿದ್ದರು, ಯಾರು ಯಾರ ಅಪ್ಪ ಅಂತ ಕೆಮ್ಮಿನಿಂದ ಗುರುತು ಹಿಡಿಯುತ್ತಿದ್ದೆವು ಅಂತ ಅಜ್ಜಿ ಹೇಳುತ್ತಿದ್ದಳು. ಇವತ್ತು ಮದ್ದೂರು ಶಾಖೆಯಲ್ಲಿ, ತುರುಗನೂರು ಶಾಖೆಯಲ್ಲಿ, ಹೆಬ್ಬಕವಾಡಿ ಶಾಖೆಯಲ್ಲಿ ಹರಿಯುವ ನೀರೆಲ್ಲ ಆ ಸುರಂಗದ ಹೊಟ್ಟೆಯಿಂದಲೇ ಬರಬೇಕು.

ಮೊದಲ ಸಲ ನೀರು ಬಂದ ದಿನದ ಕಥೆಯನ್ನು ಅಜ್ಜಿಯಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. 1930ರ ದಶಕದ ಶುರು. ನೀರು ಧುಮುಕಿಕೊಂಡು ಬರಲಿಲ್ಲವಂತೆ. ಒಣಗಿದ ನಾಲೆಯೊಳಗೆ ನೊರೆ, ತರಗೆಲೆ, ಧೂಳು ತಳ್ಳಿಕೊಂಡು, ಮೊಣಕೈ ಊರಿ ತೆವಳುವ ಮಗುವಿನ ಹಾಗೆ ಬಂತಂತೆ. ಮುಂದೆ ಚೇಳು, ಹಾವುರಾಣಿ ಓಡುತ್ತಿದ್ದವು, ಹಿಂದೆ ನೀರು. ಏರಿ ಮೇಲೆ ಜನ ಕರ್ಪೂರ ಹಚ್ಚಿದರು, ಕಾಯಿ ಒಡೆದರು. ಮುತ್ತಾತ ಇಳಿದು ಬೊಗಸೆಯಲ್ಲಿ ಕುಡಿದು “ಬರೀ ಮಣ್ಣು” ಅಂದನಂತೆ. ಅಜ್ಜಿ ಇದನ್ನು ಹೇಳಿ ಪ್ರತಿ ಸಲವೂ ನಗುತ್ತಿದ್ದಳು.

ಆಮೇಲೆ ನಡೆದದ್ದಕ್ಕೆ ನಗು ಬರುವುದಿಲ್ಲ. ನೀರಿನ ಹಿಂದೆಯೇ ಸೊಳ್ಳೆ ಬಂತು. ನಾಲೆ ಬಯಲಿನಲ್ಲಿ ಚಳಿಜ್ವರ ಹಬ್ಬಿತು. ಹೊಟ್ಟೆಯಲ್ಲಿ ಜ್ವರಗಡ್ಡೆ ಬೆಳೆದು ಮಕ್ಕಳು ಕೈಕಾಲು ಸಣ್ಣ, ಹೊಟ್ಟೆ ದಪ್ಪ ಆಗಿ ಕೂರುತ್ತಿದ್ದರು. ಮೈಸೂರು ಸಂಸ್ಥಾನ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾದ ಅಧ್ಯಯನ ನಡೆಸಿದ್ದೂ ಆ ಕಾಲದಲ್ಲೇ. ಡಾಕ್ಟರುಗಳಿಗೆ ಅದು ಅಧ್ಯಯನ. ನಮ್ಮ ಮನೆಯಲ್ಲಿ ಅದು ಅಜ್ಜಿಯ ತಮ್ಮ. ಏರಿ ಕೆಳಗೆ, ಈಗ ಹೊಂಗೆ ಮರವಿದೆಯಲ್ಲ, ಅಲ್ಲಿ ಅವನನ್ನು ಮಣ್ಣು ಮಾಡಿದ್ದಾರೆ. ನೋಟಿಸಿನ ಪ್ರಕಾರ ಅದೂ ಒತ್ತುವರಿ ಜಾಗದೊಳಗೇ ಬರುತ್ತದೆ.

ಜ್ವರದ ನಡುವೆಯೇ ಬಯಲು ಹಸಿರಾಯಿತು. ರಾಗಿ, ಹುರುಳಿ, ಜೋಳ ಬೆಳೆಯುತ್ತಿದ್ದ ಹೊಲಗಳು ಗದ್ದೆಗಳಾದವು. ಕೃಷಿ ಇಲಾಖೆಯ ಡೈರೆಕ್ಟರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನದಿಂದ 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಶುರುವಾಯಿತು. ಕಬ್ಬಿನ ಗಾಡಿಗಳ ಸಾಲು ಬಂತು, ಆಲೆಮನೆ ಹೊಗೆ ಬಂತು. ನೀರಿನ ದರ, ಕರ, ಷರತ್ತುಗಳ ಬಗ್ಗೆ ರೈತರ ಚಳವಳಿಯೂ ನಡೆಯಿತು. ಅದೊಂದು ದೊಡ್ಡ ಕಥೆ, ಇಲ್ಲಿ ಬೇಡ. 1939ರಲ್ಲಿ ಮೈಸೂರು ಜಿಲ್ಲೆಯನ್ನು ಒಡೆದು ಮಂಡ್ಯ ಜಿಲ್ಲೆ ಮಾಡಿದರು.

ಈ ಇಸವಿಯನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ನಮ್ಮ ಗುಡಿಸಲುಗಳು ಏರಿ ಪಕ್ಕದಲ್ಲಿ ಎದ್ದದ್ದು ನಾಲೆ ತೋಡುವಾಗ. ಜಿಲ್ಲೆ ಆಮೇಲೆ ಹುಟ್ಟಿತು. ನಿಮ್ಮ ನೋಟಿಸಿನ ತಲೆಯ ಮೇಲೆ ಅಚ್ಚಾಗಿರುವ ಜಿಲ್ಲೆಗಿಂತ ನಮ್ಮ ಕೊಪ್ಪಲಿಗೆ ವಯಸ್ಸು ಜಾಸ್ತಿ. ಹಾಗಿರುವಾಗ ಯಾರು ಯಾರ ಜಾಗಕ್ಕೆ ಬಂದರು?

ನಾಲೆ ಮುಗಿದ ಮೇಲೆ ನಮ್ಮವರು ಯಾಕೆ ಹೋಗಲಿಲ್ಲ ಅಂತ ಒಬ್ಬ ಅಧಿಕಾರಿ ಕೇಳಿದರು. ಒಳ್ಳೆಯ ಪ್ರಶ್ನೆಯೇ. ನಾಲೆ ತೋಡಿದರೆ ಕೆಲಸ ಮುಗಿಯುವುದಿಲ್ಲ. ಪ್ರತಿ ವರ್ಷ ನೀರು ನಿಲ್ಲಿಸಿದಾಗ ಹೂಳು ತೆಗೆಯಬೇಕು. ಮಳೆಗಾಲದಲ್ಲಿ ರಾತ್ರಿ ಲಾಟೀನು ಹಿಡಿದು ಏರಿ ಮೇಲೆ ನಡೆಯಬೇಕು. ಏಡಿ, ಹೆಗ್ಗಣ ಕೊರೆದ ತೂತು ಸಣ್ಣದಿರುವಾಗಲೇ ಹುಲ್ಲು, ಮಣ್ಣು ತುರುಕಿ ಮುಚ್ಚಬೇಕು. ಬೆಳಗಾಗುವ ತನಕ ಬಿಟ್ಟರೆ ಏರಿಯೇ ಒಡೆದು ಕೆಳಗಿನ ಗದ್ದೆಯೆಲ್ಲ ಕೊಚ್ಚಿಹೋಗುತ್ತದೆ. ಇಂಥ ಕೆಲಸಕ್ಕೆ ಹತ್ತು ಮೈಲಿ ಆಚೆಯಿಂದ ಬರುವ ಜನ ಆಗುವುದಿಲ್ಲ. ಏರಿ ಮೇಲೆಯೇ ಮಲಗುವವರು ಬೇಕು. ಹಾಗಾಗಿ ಆಗಿನ ಸಾಹೇಬರೇ “ಇಲ್ಲೇ ಇರಿ” ಅಂದರು. ಬಾಯಿಮಾತಿನಲ್ಲಿ ಅಂದರು. ಕಾಗದ ಕೊಡಲಿಲ್ಲ, ನಮ್ಮವರು ಕೇಳಲೂ ಇಲ್ಲ. ಸಾಹೇಬರು ಅಂದಮೇಲೆ ಮುಗಿಯಿತು ಅನ್ನುವ ಕಾಲ ಅದು. ನಮ್ಮ ತಾತ ಗ್ಯಾಂಗಿನಲ್ಲಿದ್ದ. ನಮ್ಮಪ್ಪ ದಿನಗೂಲಿ ನೀರುಗಂಟಿಯಾಗಿದ್ದ. ತೂಬಿನ ಹಲಗೆ ಎಷ್ಟು ಎತ್ತಿದರೆ ಯಾವ ಬಯಲಿಗೆ ಎಷ್ಟು ಹೊತ್ತಿಗೆ ನೀರು ಮುಟ್ಟುತ್ತದೆ ಅಂತ ಅವನಿಗೆ ಗಡಿಯಾರವಿಲ್ಲದೆ ಗೊತ್ತಿತ್ತು. ನಡುರಾತ್ರಿ ಎದ್ದು ಕೂತು “ನೀರಿನ ಸದ್ದು ಬದಲಾಯ್ತು” ಅಂದು ಹೊರಗೆ ಹೋಗುತ್ತಿದ್ದ. ಕಾಯಂ ಆಗದೆಯೇ ತೀರಿಕೊಂಡ.

ನಮ್ಮ ಹತ್ತಿರ ಇರುವ ಒಂದೇ ಸಾಕ್ಷಿ ಒಂದು ಹಿತ್ತಾಳೆ ಬಿಲ್ಲೆ. ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಮೇಲೆ ದಾರ ಪೋಣಿಸಲು ತೂತು. ಮುತ್ತಾತ ಅದನ್ನು ತೋರಿಸಿ ವಾರದ ಬಟವಾಡೆ ತೆಗೆದುಕೊಳ್ಳುತ್ತಿದ್ದನಂತೆ. ಮೂರು ತಲೆಮಾರು ಅಕ್ಕಿ ಡಬ್ಬಿಯಲ್ಲಿಟ್ಟು ಅದರ ಅಂಚು ಸವೆದಿದೆ. ಅದನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಒಂದು ಕಚೇರಿಗೆ ಹೋದೆ. ಅಲ್ಲಿದ್ದವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ “ಇದರಲ್ಲಿ ಹೆಸರೇ ಇಲ್ವಲ್ಲಮ್ಮ, ಬರೀ ನಂಬರು” ಅಂದರು. ಹೌದು ಸ್ವಾಮಿ, ಬರೀ ನಂಬರು. ಕೊಟ್ಟವರು ನಂಬರನ್ನೇ ಕೊಟ್ಟಿದ್ದು. ಹೆಸರು ಕೇಳಿದ್ದರೆ ನಮ್ಮ ಮುತ್ತಾತ ಹೇಳುತ್ತಿದ್ದ.

ಇನ್ನು ಸೋಪಾನಕಟ್ಟೆಯ ವಿಷಯ. ಇದನ್ನು ಗಂಡಸರು ಬರೆದರೆ ಎರಡು ಸಾಲಿನಲ್ಲಿ ಮುಗಿಸುತ್ತಾರೆ, ನಾನು ಮುಗಿಸಲಾರೆ.

ನಮ್ಮ ಕೊಪ್ಪಲಿನ ಎದುರಿಗೆ ನಾಲೆಗೆ ಇಳಿಯಲು ಕಲ್ಲಿನ ಮೆಟ್ಟಿಲುಗಳಿದ್ದವು. ಹನ್ನೊಂದು ಮೆಟ್ಟಿಲು. ಕೊನೆಯ ಮೂರು ಸದಾ ನೀರೊಳಗೆ, ಪಾಚಿ ಕಟ್ಟಿದವು. ನಾಲ್ಕನೆಯದು ಬಟ್ಟೆ ಒಗೆಯುವ ಕಲ್ಲು, ನಡುವೆ ತಟ್ಟೆಯಂತೆ ತಗ್ಗಾಗಿತ್ತು. ನಮ್ಮಜ್ಜಿ, ಅವ್ವ, ನಾನು, ನನ್ನ ಸೊಸೆ ಅದೇ ಕಲ್ಲಿನ ಮೇಲೆ ಬಟ್ಟೆ ಬಡಿದಿದ್ದೇವೆ. ಬಾಣಂತಿ ಬಟ್ಟೆ ಒಗೆದದ್ದು ಅಲ್ಲಿ. ಗೌರಿಹಬ್ಬದಲ್ಲಿ ಗೌರಿ ಬಿಟ್ಟದ್ದು ಅಲ್ಲಿ. ಸಂಕ್ರಾಂತಿ ದಿನ ದನಗಳ ಮೈ ತೊಳೆದದ್ದು ಅದರ ಪಕ್ಕದ ಇಳಿಜಾರಿನಲ್ಲಿ. ಮನೆಯಲ್ಲಿ ಜಗಳವಾದರೆ ಹೆಂಗಸರು ಹೋಗಿ ಕೂರುತ್ತಿದ್ದದ್ದೂ ಅಲ್ಲೇ. ನೀರಿನಲ್ಲಿ ಕಾಲು ಬಿಟ್ಟುಕೊಂಡು ಅರ್ಧ ಗಂಟೆ ಕೂತರೆ ಎಷ್ಟೋ ಜಗಳ ಅಲ್ಲಿಗೇ ಮುಗಿಯುತ್ತಿತ್ತು.

ನಾಲೆ ಆಧುನೀಕರಣದ ಕೆಲಸ ನಮ್ಮ ಹತ್ತಿರ ಬಂದಾಗ ಒಂದು ದಿನ ಬೆಳಿಗ್ಗೆ ಹಿಟಾಚಿ ಬಂತು. ಹನ್ನೊಂದು ಮೆಟ್ಟಿಲು ಕೀಳಲು ಅರ್ಧ ಗಂಟೆಯೂ ಆಗಲಿಲ್ಲ. ನಾನು ಅಂಗನವಾಡಿ ಮಕ್ಕಳನ್ನು ಕಟ್ಟಿಕೊಂಡು ಏರಿ ಮೇಲೆ ನಿಂತು ನೋಡಿದೆ. ಬಟ್ಟೆ ಒಗೆಯುವ ಕಲ್ಲನ್ನು ಬಕೆಟ್ಟು ಎತ್ತಿದಾಗ ಅದರ ಅಡಿಭಾಗ ಮೊದಲ ಸಲ ಕಂಡಿತು. ಅಲ್ಲಿ ಉಳಿಯ ಗೀರುಗಳು ಇನ್ನೂ ಹೊಸದರ ಹಾಗೆ ಚೂಪಾಗಿದ್ದವು. “ಹೊಸ ಮೆಟ್ಟಿಲು ಕಟ್ತೀರಾ?” ಅಂತ ಕೇಳಿದೆ. ಅಲ್ಲಿದ್ದ ಎಂಜಿನಿಯರು ಹುಡುಗ, ಒಳ್ಳೆಯ ಹುಡುಗನೇ, “ಎಸ್ಟಿಮೇಟಿನಲ್ಲಿ ಇಲ್ಲ ಮೇಡಂ” ಅಂದ. ಕಲ್ಲು ಎಲ್ಲಿಗೆ ಹೋಯಿತೋ ಗೊತ್ತಿಲ್ಲ.

ನಾವು ಕಾಂಕ್ರೀಟಿನ ವಿರೋಧಿಗಳು ಅಂತ ದಯವಿಟ್ಟು ತಿಳಿಯಬೇಡಿ. ಮಣ್ಣಿನ ನಾಲೆಯಲ್ಲಿ ನೀರು ದಾರಿಯಲ್ಲೇ ಇಂಗಿಹೋಗುತ್ತದೆ. ಮಳವಳ್ಳಿ, ಮದ್ದೂರು ಕಡೆಯ ಕೊನೆ ಭಾಗದ ರೈತರು ನೀರು ಕಾಣದೆ ಪೈರು ಒಣಗಿಸಿಕೊಂಡು ರಸ್ತೆಗೆ ಇಳಿದದ್ದನ್ನು ನಾವೂ ನೋಡಿದ್ದೇವೆ. ಕಟ್ಟೆ ತುಂಬಿ 124.80 ಅಡಿ ನೀರು ನಿಂತ ವರ್ಷವೇ ಹೀಗೆ, ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಡುವ ವರ್ಷ ಕೇಳುವುದೇ ಬೇಡ. ನಾಲೆಗೆ ಕಾಂಕ್ರೀಟು ಹೊದಿಸುವ ಲೈನಿಂಗ್ ಬೇಕು, ಒಪ್ಪುತ್ತೇವೆ. ನೀರುಗಂಟಿಯ ಮಗಳು ನಾನು, ಕೊನೆ ಗದ್ದೆಗೆ ನೀರು ಮುಟ್ಟಬಾರದು ಅನ್ನುತ್ತೇನೆಯೇ? ಆದರೆ ಆ ಎಸ್ಟಿಮೇಟು ಬರೆದವರು ನಾಲೆಯನ್ನು ಬರೀ ಒಂದು ಕೊಳವೆ ಅಂದುಕೊಂಡರು. ಅದರ ಪಕ್ಕದಲ್ಲಿ ಜನ ಇದ್ದಾರೆ ಅನ್ನುವುದು ಅವರ ನಕ್ಷೆಯಲ್ಲಿ ಇರಲಿಲ್ಲ.

ಮೊದಲಿನ ನಾಲೆಯಲ್ಲಿ ಯಾರಾದರೂ ಜಾರಿ ಬಿದ್ದರೆ ಹುಲ್ಲು, ಬೇರು, ಕಲ್ಲು ಏನಾದರೊಂದು ಕೈಗೆ ಸಿಗುತ್ತಿತ್ತು. ಈಗ ಎರಡೂ ಕಡೆ ನುಣ್ಣನೆಯ ಇಳಿಜಾರು. ನೆನೆದು ಪಾಚಿ ಕಟ್ಟಿದ ಮೇಲೆ ಈಜು ಬರುವವರೂ ಹತ್ತಲಾರರು. ನುಣ್ಣಗಾದಷ್ಟೂ ನೀರಿನ ಓಟವೂ ಜಾಸ್ತಿ. ಹೋದ ವರ್ಷ ನಮ್ಮ ಪಕ್ಕದ ಮನೆಯ ಸೀಮೆಹಸುವಿನ ಕರು ಬಿತ್ತು. ಮುಂಗಾಲು ಎರಡನ್ನೂ ಕಾಂಕ್ರೀಟಿನ ಮೇಲೆ ಇಡುವುದು, ಜಾರುವುದು. ಮತ್ತೆ ಇಡುವುದು, ಮತ್ತೆ ಜಾರುವುದು. ನಾವು ಏರಿ ಮೇಲೆ ಅದರ ಜೊತೆಯೇ ಓಡಿದೆವು. ಹಗ್ಗ ತರುವಷ್ಟರಲ್ಲಿ ಸೇತುವೆ ದಾಟಿಹೋಯಿತು. ಅದಾಗಿ ಎರಡು ತಿಂಗಳಿಗೆ ಏಳು ವರ್ಷದ ಒಬ್ಬ ಹುಡುಗ ಬಿದ್ದ. ನನ್ನ ಅಂಗನವಾಡಿಯಲ್ಲೇ ಅಕ್ಷರ ಕಲಿತವನು. ಮೂರು ಜನ ಹೆಂಗಸರು ಸೀರೆಗೆ ಸೀರೆ ಗಂಟು ಹಾಕಿ ಎಸೆದು ಎಳೆದುಕೊಂಡರು. ಉಳಿದ. ಅವತ್ತಿನಿಂದ ಅವನ ತಾಯಿ ನೀರು ಬಿಡುವ ದಿನಗಳಲ್ಲಿ ಅವನ ಸೊಂಟಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ಮನೆ ಕಂಬಕ್ಕೆ ಕಟ್ಟುತ್ತಾಳೆ. ಮಗುವನ್ನು ಹಾಗೆ ಕಟ್ಟಬಾರದಮ್ಮ ಅಂತ ಬುದ್ಧಿ ಹೇಳುವುದು ನನ್ನ ಕೆಲಸ. ನಾನು ಹೇಳಿಲ್ಲ. ಯಾವ ಬಾಯಲ್ಲಿ ಹೇಳಲಿ?

2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅವತ್ತು ರಾತ್ರಿಯೇ ಅಂಬರೀಶ್ ಅವರೂ ಹೋದರು. ಮರುದಿನ ಟೀವಿಯಲ್ಲಿ ಆ ಮಕ್ಕಳ ಸುದ್ದಿ ಎಲ್ಲಿ ಹೋಯಿತೋ ಹುಡುಕಬೇಕಾಯಿತು. ನಮ್ಮ ಮಂಡ್ಯದವರಿಗೆ ಅಂಬರೀಶಣ್ಣನೂ ಬೇಕು, ಆ ಮಕ್ಕಳೂ ಬೇಕು. ಯಾವುದಕ್ಕೆ ಅಳುವುದು ಅಂತ ಗೊತ್ತಾಗದ ಎರಡು ದಿನ ಅವು. ಆಗ ನಾಲೆಗೆ ತಡೆಗೋಡೆ ಬೇಕು ಅನ್ನುವ ಮಾತು ಜೋರಾಗಿ ಎದ್ದಿತು. ಅದಾದ ಮೇಲೂ ಕಾರುಗಳು ನಾಲೆಗೆ ಉರುಳಿದ ಸುದ್ದಿ ನಿಂತಿಲ್ಲ. ನಮ್ಮ ಏರಿ ಮೇಲಿನ ತಿರುವಿಗೆ ಇವತ್ತಿಗೂ ಒಂದು ಕಲ್ಲು ಕೂಡ ನೆಟ್ಟಿಲ್ಲ. ಶಾಲೆ ವ್ಯಾನು ಅಲ್ಲೇ ಹಾಯುತ್ತದೆ. ಎದುರಿಗೆ ಕಬ್ಬಿನ ಟ್ರಾಕ್ಟರು ಬಂದರೆ ವ್ಯಾನಿನ ಎಡ ಚಕ್ರಕ್ಕೂ ನೀರಿಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ ಅಂತ ನಾನೇ ಹೆಜ್ಜೆ ಇಟ್ಟು ನೋಡಿದ್ದೇನೆ. ಒಂದು ಹೆಜ್ಜೆ. ಮಳೆ ಬಂದಿದ್ದರೆ ಅದೂ ಇಲ್ಲ.

ಲೈನಿಂಗ್ ಆದ ಮೇಲೆ ನಮ್ಮ ಎರಡು ಬಾವಿಗಳ ನೀರೂ ಕೆಳಗಿಳಿಯಿತು. ನಾಲೆಯಿಂದ ಬಸಿದ ನೀರೇ ಅವುಗಳಿಗೆ ಆಧಾರವಾಗಿತ್ತು. ಪಕ್ಕದಲ್ಲೇ ನೀರು ಹರಿಯುತ್ತದೆ, ಕೊಡ ಹಿಡಿದು ಟ್ಯಾಂಕರಿಗೆ ಕಾಯುತ್ತೇವೆ. ಇದರ ಬಗ್ಗೆ ಬೇರೆ ಅರ್ಜಿ ಕೊಟ್ಟಿದ್ದೇವೆ, ಇಲ್ಲಿ ಬೆಳೆಸುವುದಿಲ್ಲ.

ಈಗ ಮತ್ತೆ ನೋಟಿಸಿಗೆ ಬರುತ್ತೇನೆ. ಮನೆ ಜಾಗಕ್ಕೆ ಹಕ್ಕುಪತ್ರ ಕೊಡಿ ಅಂತ ನಾವು ಕಂದಾಯ ಕಾಯ್ದೆಯ 94ಸಿ ಅಡಿಯಲ್ಲಿ ಅರ್ಜಿ ಹಾಕಿದೆವು. ಒಂದು ಕಚೇರಿಯವರು “ಇದು ನಾಲೆಗೆ ಸೇರಿದ ಜಾಗ, ಅವರನ್ನೇ ಕೇಳಿ” ಅಂದರು. ಅಲ್ಲಿಗೆ ಹೋದರೆ “ಮನೆ ವಿಷಯ ನಮ್ಮದಲ್ಲ, ಕಂದಾಯದವರನ್ನು ಕೇಳಿ” ಅಂದರು. ಎರಡು ಕಚೇರಿಗಳ ನಡುವೆ ಬಸ್ಸಿನಲ್ಲಿ ಓಡಾಡಿ ಓಡಾಡಿ ಕಂಡಕ್ಟರಿಗೆ ನಮ್ಮ ಕೇಸು ಪೂರ್ತಿ ಬಾಯಿಪಾಠವಾಗಿದೆ. ತಾಂಡಾ, ಹಟ್ಟಿ, ದೊಡ್ಡಿ, ಹಾಡಿ, ಪಾಳ್ಯ ಇಂಥ ದಾಖಲೆಯಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮ ಮಾಡಿ ಹಕ್ಕುಪತ್ರ ಕೊಡಲು ಸರ್ಕಾರವೇ ಆ ಕಾಯ್ದೆಗೆ 94ಡಿ ಸೇರಿಸಿದೆ. ಬೇರೆ ಜಿಲ್ಲೆಗಳಲ್ಲಿ ಸಾವಿರಾರು ಕುಟುಂಬಗಳಿಗೆ ಹಕ್ಕುಪತ್ರ ಸಿಕ್ಕಿದ್ದನ್ನು ಟೀವಿಯಲ್ಲಿ ನೋಡಿ ನಾವೂ ಖುಷಿಪಟ್ಟೆವು. ನಮ್ಮದಕ್ಕೂ ದಾಖಲೆಯಿಲ್ಲ, ಇದೂ ಜನವಸತಿಯೇ. ಮತ್ತೆ ನಮಗೆ ಯಾಕೆ ಒತ್ತುವರಿದಾರರು ಅನ್ನುವ ಹೆಸರು?

ಇನ್ನೊಂದು ಮಾತು. ದಾಖಲೆಯೇ ಇಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ನನ್ನ ಅಂಗನವಾಡಿಯ ಬೀರುವಿನಲ್ಲಿ ಸರ್ವೆ ರಿಜಿಸ್ಟರುಗಳಿವೆ. ಎಷ್ಟು ಮನೆ, ಎಷ್ಟು ಜನ, ಎಷ್ಟು ಬಸುರಿಯರು, ಯಾವ ಮಗು ಎಷ್ಟು ತೂಕ, ಎಲ್ಲ ನನ್ನ ಕೈಬರಹದಲ್ಲೇ ಇದೆ. ಪ್ರತಿ ಪುಟಕ್ಕೂ ಸರ್ಕಾರದ ಸೀಲು ಬಿದ್ದಿದೆ. ಪೋಲಿಯೊ ಹನಿ ಹಾಕುವಾಗ ನಾವು ಲೆಕ್ಕಕ್ಕಿದ್ದೇವೆ. ಜನಗಣತಿಯಲ್ಲಿದ್ದೇವೆ. ವೋಟರ್ ಲಿಸ್ಟಿನಲ್ಲಿ ನಮ್ಮ ಹೆಸರುಗಳು ಸಾಲಾಗಿ ಇವೆ. ಎಲೆಕ್ಷನ್ ಬಂದಾಗ ಏರಿ ಮೇಲಿನವರ ಮನೆ ಯಾವುದು ಅಂತ ಯಾರೂ ದಾರಿ ಕೇಳಿದ್ದಿಲ್ಲ. ಸರ್ಕಾರದ ಒಂದು ಕೈ ನಮ್ಮ ಮಕ್ಕಳನ್ನು ತೂಗುತ್ತದೆ, ಇನ್ನೊಂದು ಕೈ ಆ ಮಕ್ಕಳ ಮನೆಗೆ ನೋಟಿಸು ಅಂಟಿಸುತ್ತದೆ. ತೂಗುವ ಕೈ ನನ್ನದೇ ಆದ್ದರಿಂದ ನನಗೆ ಇದು ಜಾಸ್ತಿ ಚುಚ್ಚುತ್ತದೆ.

ಆದ್ದರಿಂದ ನಮ್ಮ ಬೇಡಿಕೆಗಳನ್ನು ನೇರವಾಗಿಯೇ ಹೇಳುತ್ತೇನೆ. ಮೊದಲನೆಯದಾಗಿ, ನೋಟಿಸುಗಳನ್ನು ಸದ್ಯಕ್ಕೆ ನಿಲ್ಲಿಸಿ. ನಾಲೆಯ ಕೆಲಸಕ್ಕೆಂದು ಬಂದು ಅಲ್ಲೇ ನೆಲೆಸಿದ ಕೊಪ್ಪಲುಗಳನ್ನು, ನಿನ್ನೆ ಮೊನ್ನೆ ಶೆಡ್ಡು ಹಾಕಿ ಬಾಡಿಗೆಗೆ ಕೊಟ್ಟವರನ್ನು ಒಂದೇ ಪಟ್ಟಿಗೆ ಹಾಕಬೇಡಿ. ಅಂಥವರೂ ಇದ್ದಾರೆ, ನಾವು ಅವರ ಪರ ಮಾತಾಡುತ್ತಿಲ್ಲ. ಎರಡೂ ಕಚೇರಿಯವರು ಒಟ್ಟಿಗೆ ಬಂದು, ಒಂದೇ ದಿನ, ಒಂದೇ ಏರಿ ಮೇಲೆ ನಿಂತು ಜಂಟಿ ಸರ್ವೆ ಮಾಡಲಿ. ಏರಿಯ ಭದ್ರತೆಗೆ ನಿಜವಾಗಿಯೂ ಬೇಕಾದ ಜಾಗ ಎಷ್ಟು ಅಂತ ಗೂಟ ಹೊಡೆದು ತೋರಿಸಿ. ಅಷ್ಟನ್ನು ನಾವೇ ಬಿಟ್ಟುಕೊಡುತ್ತೇವೆ. ಏರಿ ಒಡೆದರೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಳಿದ ಜಾಗಕ್ಕೆ ಹಕ್ಕುಪತ್ರ ಕೊಡಿ.

ಮೆಟ್ಟಿಲು ವಾಪಸು ಬೇಕು. ಪ್ರತಿ ಕೊಪ್ಪಲಿನ ಎದುರು ಒಂದು ಸೋಪಾನಕಟ್ಟೆ, ಅದರ ಪಕ್ಕ ದನ ಇಳಿಯಲು ಒರಟು ಇಳಿಜಾರು. ನಡುವೆ ಅಲ್ಲಲ್ಲಿ ಕಾಂಕ್ರೀಟಿಗೆ ಕಬ್ಬಿಣದ ಮೆಟ್ಟಿಲು ಅಥವಾ ಏಣಿ ಕೂರಿಸಿ, ಬಿದ್ದವರ ಕೈಗೆ ಏನಾದರೂ ಸಿಗಲಿ. ಲೈನಿಂಗ್ ಮಾಡಿದ ನಾಲೆಗೆ ಇದು ಬೇಕು ಅಂತ ನಿಮ್ಮ ಎಂಜಿನಿಯರುಗಳಿಗೆ ನನಗಿಂತ ಚೆನ್ನಾಗಿ ಗೊತ್ತು. ರಸ್ತೆ ನಾಲೆಗೆ ತಾಗಿಕೊಂಡು ಹೋಗುವ ಕಡೆಯೆಲ್ಲ ತಡೆಗೋಡೆ ಕಟ್ಟಿ. ಶಾಲೆ ವಾಹನ ಓಡಾಡುವ ತಿರುವುಗಳಿಂದ ಶುರು ಮಾಡಿ. ನೀರು ಬಿಡುವ ಮುಂಚೆ ಡಂಗುರ ಹೊಡೆಸುವ ಪದ್ಧತಿ ಇತ್ತು, ಈಗ ವಾಟ್ಸಾಪಿನಲ್ಲಿ ಹಾಕುತ್ತೀರಿ. ನಮ್ಮವ್ವನ ಹತ್ತಿರ ವಾಟ್ಸಾಪಿಲ್ಲ. ಡಂಗುರದ ಖರ್ಚು ದೊಡ್ಡದೇನಲ್ಲ.

ಕೊನೆಯದು ಸಣ್ಣ ಬೇಡಿಕೆ, ಕಾಸು ಖರ್ಚಿಲ್ಲದ್ದು. ನಾಲೆಯ ಹಳೆಯ ಕೂಲಿ ರಿಜಿಸ್ಟರು, ಬಟವಾಡೆ ಪುಸ್ತಕ, ಗ್ಯಾಂಗಿನ ಹಾಜರಿ ಪಟ್ಟಿ ಯಾವುದಾದರೂ ರೆಕಾರ್ಡ್ ರೂಮಿನಲ್ಲಿ ಗೆದ್ದಲು ತಿನ್ನದೆ ಉಳಿದಿದ್ದರೆ ತೆಗೆಸಿ ನೋಡಿ, ನಮಗೂ ತೋರಿಸಿ. ನನ್ನ ಹತ್ತಿರ ನಂಬರು ಇದೆ. ನಿಮ್ಮ ಪುಸ್ತಕದಲ್ಲಿ ಆ ನಂಬರಿನ ಮುಂದೆ ಒಂದು ಹೆಸರು ಇದ್ದರೂ ಇರಬಹುದು.

ಮುಂದಿನ ಕಟ್ಟಿನ ನೀರು ಬಿಡುವ ಮೊದಲು ಒಂದು ದಿನ ಬನ್ನಿ. ನಾಲೆ ಒಣಗಿರುವಾಗ ನೋಡಿದರೆ ಅದು ಎಷ್ಟು ಆಳ, ಎಷ್ಟು ನುಣುಪು ಅಂತ ಗೊತ್ತಾಗುತ್ತದೆ. ಅಂಗನವಾಡಿಯಲ್ಲಿ ಕುರ್ಚಿಗಳಿವೆ, ಮಕ್ಕಳದ್ದು, ಸ್ವಲ್ಪ ಸಣ್ಣವು. ಬರುವುದಾದರೆ ಬೆಳಿಗ್ಗೆಯೇ ಬನ್ನಿ. ಮಧ್ಯಾಹ್ನ ಏರಿ ಮೇಲೆ ನಿಲ್ಲಲಾಗುವುದಿಲ್ಲ. ಲೈನಿಂಗ್ ಕೆಲಸಕ್ಕೆ ಅಂತ ಹೊಂಗೆ ಮರಗಳನ್ನೆಲ್ಲ ಕಡಿದಿದ್ದಾರೆ, ಒಂದು ಮಾತ್ರ ಉಳಿದಿದೆ. ಅದು ಯಾವುದು ಅಂತ ಮೇಲೆಯೇ ಬರೆದಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ನಾಲೆ ಏರಿ ಮೇಲಿನ ಕೊಪ್ಪಲಿನ ಅಂಗನವಾಡಿ ಟೀಚರ್